ವಾರಿಜತ್ತೆ ಗೇರ್‌ಬಾಕ್ಸ್ ಇಳಿಸಿದ ಭಾನುವಾರ

ಬಿಸಿ ಎಂಜಿನ್ ಆಯಿಲಿನ ವಾಸನೆ ಮೂಗಿಗೆ ಬಡಿದರೆ ನನಗೆ ಹಸಿವಾಗುತ್ತದೆ. ಯಾರಿಗೆ ಹೇಳಿದರೂ ನಗುತ್ತಾರೆ; ನಗಲಿ. ಮೊನ್ನೆ ಖಾರ್‌ಘರ್‌ನ ನಮ್ಮ ಸೊಸೈಟಿಯ ಪಾರ್ಕಿಂಗಿನಲ್ಲಿ, ಯಾರದೋ ಮನೆಗೆ ಸಾಮಾನು ತಂದ ಹಳೆಯ ಡೀಸೆಲ್ ಪಿಕಪ್ ಒಂದು ನಿಂತಿತ್ತು. ಅದರ ಹೊಟ್ಟೆಯಡಿಯಿಂದ ಕಪ್ಪು ಎಣ್ಣೆ ತೊಟ್ಟಿಕ್ಕಿ ಟೈಲ್ಸಿನ ಮೇಲೆ ಹರಡಿತ್ತು. ವಾಚ್‌ಮನ್ ಬೈಯುತ್ತ ಅದರ ಮೇಲೆ ಮರಳು ಸುರಿಯುತ್ತಿದ್ದ. ನಾನು ತರಕಾರಿ ಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. "ಮಮ್ಮಾ, ಚಲೋ ನಾ, ಕಿತ್ನಾ ಗಂದಾ ಸ್ಮೆಲ್ ಹೈ" ಎಂದು ಮಗಳು ಕೈ ಜಗ್ಗಿದಳು. ನಾನು ಕನ್ನಡದಲ್ಲಿ ಮಾತಾಡುವುದು, ಅವಳು ಹಿಂದಿಯಲ್ಲಿ ಉತ್ತರ ಕೊಡುವುದು ನಮ್ಮಿಬ್ಬರ ಒಪ್ಪಂದ. ಗಂದಾ, ಹೊಲಸು ಅಂತೆ! ಆ ವಾಸನೆಯ ಪಕ್ಕದಲ್ಲಿ ಹುಳಿ ಬಂದ ಉದ್ದಿನ ಹಿಟ್ಟಿನ ವಾಸನೆ ಇರಬೇಕಿತ್ತು. ಅದರಾಚೆ ಅಮ್ಮ ಒಗ್ಗರಣೆಗೆ ಹಾಕಿದ ಇಂಗು ಇರಬೇಕಿತ್ತು. ಅವೆರಡೂ ಇಲ್ಲದೆ ಎಂಜಿನ್ ಆಯಿಲ್ ಒಂದೇ ಬಂದು ನಿಂತದ್ದನ್ನು ಕಂಡು, ಠಾಣೆಯ ಕೋಪರಿಯ ನಮ್ಮ ಮನೆ ನೆನಪಾಯಿತು.

ಠಾಣೆ ಸ್ಟೇಷನ್ನಿನ ಪೂರ್ವಕ್ಕೆ ಇಳಿದರೆ ಐದಾರು ನಿಮಿಷದ ದಾರಿ. ಹೆಂಚಿನ ಮಾಡಿನ ಹಳೆ ಚಾಳಿನ ಕೊನೆಯ ಮನೆ ನಮ್ಮದು. ಕೊನೆಯದಾದ್ದರಿಂದ ಪಕ್ಕದಲ್ಲಿ ಒಂದಿಷ್ಟು ಅಂಗಳ ಸಿಕ್ಕಿತ್ತು, ಅಂಗಳದಲ್ಲಿ ಒಂದು ಬಾದಾಮಿ ಮರ. ಮುಂದಿನ ಕೋಣೆಯಲ್ಲಿ ನಾಲ್ಕು ದೊಡ್ಡ ಗ್ರೈಂಡರುಗಳು. ಅಪ್ಪ ಇಡ್ಲಿ-ದೋಸೆ ಹಿಟ್ಟು ಮಾಡಿ ಠಾಣೆ, ಡೊಂಬಿವಲಿ, ಕಲ್ಯಾಣದ ಹೋಟೆಲುಗಳಿಗೆ ಕೊಡುತ್ತಿದ್ದ. ಉಡುಪಿ ಕಡೆಯಿಂದ ಬಂದವರೆಲ್ಲ ಹೋಟೆಲು ಇಡುತ್ತಾರೆ, ನಮ್ಮಪ್ಪ ಮಾತ್ರ ಹೋಟೆಲಿನವರಿಗೇ ಹಿಟ್ಟು ರುಬ್ಬಿಕೊಡಲು ಹೊರಟ ಮನುಷ್ಯ. ಅಮ್ಮ ಧಾರವಾಡದವಳು. ಅಪ್ಪನಿಗೆ ತುಳು, ಅಮ್ಮನಿಗೆ ಅದು ತಿಳಿಯದು. ಹಾಗಾಗಿ ಮನೆಯೊಳಗೆ ಎರಡು ಬಗೆಯ ಕನ್ನಡ, ಬಾಗಿಲು ದಾಟಿದರೆ ಮರಾಠಿ. ಮಧ್ಯಾಹ್ನದ ಹೊತ್ತಿಗೆ ಅಕ್ಕಿ ತೊಳೆದ ನೀರು ಮೋರಿಯಲ್ಲಿ ಬೆಳ್ಳಗೆ ಹರಿಯುತ್ತಿತ್ತು. ಸಂಜೆ ಗ್ರೈಂಡರುಗಳು ಶುರುವಾದರೆ ನೆಲವೇ ಗುಂಯ್ ಎನ್ನುತ್ತಿತ್ತು, ನಾನು ಓದುತ್ತಿದ್ದ ಪುಸ್ತಕದ ಅಕ್ಷರಗಳೂ ಅಲುಗಾಡುತ್ತಿದ್ದವು. ರುಬ್ಬಿದ ಹಿಟ್ಟನ್ನು ಸ್ಟೀಲಿನ ಕ್ಯಾನುಗಳಿಗೆ ತುಂಬಿ, ಬಾಯಿಗೆ ತೆಳ್ಳಗಿನ ಬಿಳಿ ಬಟ್ಟೆ ಕಟ್ಟಿಡುವ ಕೆಲಸ ಅಪ್ಪನದೇ. ಮುಚ್ಚಳ ಹಾಕಿ ಬಿಗಿದರೆ ಹಿಟ್ಟು ಕೆಡುತ್ತದೆ, ತೆರೆದಿಟ್ಟರೆ ಧೂಳು ಬೀಳುತ್ತದೆ. ತೆಳು ಬಟ್ಟೆಯಾದರೆ ಉಸಿರೂ ಆಡುತ್ತದೆ, ಕಸವೂ ಸೇರುವುದಿಲ್ಲ. ಆ ಬಟ್ಟೆಗೆ ಅವನು ಹಾಕುತ್ತಿದ್ದ ಗಂಟೇ ಬೇರೆ. ಎರಡು ಸುತ್ತು ತಂದು ತುದಿಯನ್ನು ಒಳಮಡಚಿ ಸಿಕ್ಕಿಸುತ್ತಿದ್ದ. ಅದನ್ನು ಬಿಚ್ಚಲು ನನಗೆ ಹತ್ತು ನಿಮಿಷ ಬೇಕಾಗುತ್ತಿತ್ತು, ಅವನಿಗೆ ಒಂದು ಎಳೆತ ಸಾಕು.

ಈ ಕ್ಯಾನುಗಳನ್ನು ಬೆಳಗಿನ ಜಾವ ಪಿಕಪ್ಪಿಗೆ ಏರಿಸಿ, ಕಳವಾ ಸೇತುವೆ ದಾಟಿ, ಮುಂಬ್ರಾ, ಶಿಳಫಾಟಾ ಹಾಯ್ದು ಡೊಂಬಿವಲಿ, ಕಲ್ಯಾಣ ಮುಟ್ಟಿಸುತ್ತಿದ್ದವಳು ಅಪ್ಪನ ತಂಗಿ ವಾರಿಜತ್ತೆ. ಅವಳ ಗಂಡ ಕಲ್ಯಾಣದಾಚೆ ಶಹಾಡಿನ ಕಾರ್ಖಾನೆಗಳ ಮಗ್ಗುಲಲ್ಲಿ ಸಣ್ಣ ಗ್ಯಾರೇಜು ಇಟ್ಟಿದ್ದ. ಮಕ್ಕಳಿಲ್ಲದ ಮನೆ, ಅತ್ತೆ ದಿನವಿಡೀ ಗ್ಯಾರೇಜಿನಲ್ಲೇ ಇದ್ದು, ನಟ್ಟು ಬಿಚ್ಚುವ ಪಾನಾ ಕೊಡುತ್ತ ಕೊಡುತ್ತ ಪಾನಾ ಹಿಡಿಯುವುದನ್ನೂ ಕಲಿತಳು. ಮಾವ ತೀರಿಕೊಂಡಾಗ ಅವಳು ಒಂದು ಸೂಟ್‌ಕೇಸು, ಒಂದು ಕಬ್ಬಿಣದ ಪೆಟ್ಟಿಗೆ ತುಂಬ ಸಾಮಾನು ಮತ್ತು ಮಾವನ ಪಿಕಪ್ಪಿನೊಂದಿಗೆ ಅಣ್ಣನ ಮನೆಗೆ ಬಂದಳು. ಬಂದ ಎರಡನೇ ವಾರವೇ ಹಿಟ್ಟಿನ ಸಾಗಾಟ ಹಿಡಿದಳು. ಚೂಡಿದಾರದ ಮೇಲೆ ಮಾವನ ಖಾಕಿ ಅಂಗಿ ತೊಟ್ಟು, ತೋಳು ಮಡಚಿ, ಎತ್ತರದ ಸೀಟಿನಲ್ಲಿ ಕೂತಳೆಂದರೆ ನಮ್ಮ ಓಣಿಯ ಹೆಂಗಸರು ನೀರಿನ ಕೊಡ ಇಳಿಸಿ ನೋಡುತ್ತಿದ್ದರು. ನಾನಂತೂ ಶಾಲೆಯಲ್ಲಿ ಅವಳ ಬಗ್ಗೆ ಅರ್ಧ ಸತ್ಯ, ಅರ್ಧ ಸುಳ್ಳು ಸೇರಿಸಿ ಹೇಳಿಕೊಂಡು ತಿರುಗುತ್ತಿದ್ದೆ. ಅಪ್ಪನಿಗೆ ಮಾತ್ರ ತಂಗಿ ಗಾಡಿ ಓಡಿಸುವುದು ನುಂಗಲೂ ಆಗದ ಉಗುಳಲೂ ಆಗದ ಸಂಗತಿಯಾಗಿತ್ತು. ಹೋಟೆಲಿನವರು "ಡ್ರೈವರ್ ಯಾರು?" ಎಂದು ಕೇಳಿದರೆ "ಮನೆಯವರೇ" ಎಂದು ಮಾತು ತೇಲಿಸುತ್ತಿದ್ದ. ಗಾಡಿಯ ಕಾಗದಪತ್ರ ಅತ್ತೆಯ ಹೆಸರಿನಲ್ಲಿದ್ದರೂ, ಮನೆಯ ಯಜಮಾನ ಅವನೇ ಆದ್ದರಿಂದ ಗಾಡಿಯ ವಿಷಯವೂ ಅವನೇ ತೀರ್ಮಾನಿಸಬೇಕು ಎಂಬುದರಲ್ಲಿ ಅವನಿಗಾಗಲಿ, ವಿಚಿತ್ರವೆಂದರೆ ಅತ್ತೆಗಾಗಲಿ, ಅನುಮಾನವಿರಲಿಲ್ಲ.

ನಾನು ಆರನೇ ಕ್ಲಾಸು ಮುಗಿಸಿದ ವರ್ಷ ಪಿಕಪ್ ಸೋರಲು ಶುರುಮಾಡಿತು. ಮೊದಮೊದಲು ಅಂಗಳದಲ್ಲಿ ಎರಡು ಹನಿ, ಆಮೇಲೆ ಅಂಗೈಯಗಲ, ಬೇಸಿಗೆ ಬರುವಷ್ಟರಲ್ಲಿ ಬೆಳಿಗ್ಗೆದ್ದು ನೋಡಿದರೆ ಮಸಾಲೆ ದೋಸೆಯಗಲದ ಕಪ್ಪು ಕಲೆ. ಅತ್ತೆ ಅಮ್ಮ ಹಿಟ್ಟು ನಾದುತ್ತಿದ್ದ ಹಳೇ ಪರಾತವನ್ನು ಗಾಡಿಯಡಿ ಇಡತೊಡಗಿದಳು. ಹೈವೇ ಬದಿಯ ಒಂದು ಗ್ಯಾರೇಜಿನವರು ಕೆಳಗಿನ ಎಣ್ಣೆ ತೊಟ್ಟಿಯ ಪ್ಯಾಕಿಂಗು ಬದಲಿಸಿಕೊಟ್ಟರು. ಸೋರಿತು. ಇನ್ನೊಮ್ಮೆ ಬದಲಿಸಿದರು. ಇನ್ನೂ ಜಾಸ್ತಿ ಸೋರಿತು. ದಿನಾ ಬೆಳಿಗ್ಗೆ ಎಣ್ಣೆ ಅಳತೆಯ ಕಡ್ಡಿ ಎಳೆದು ನೋಡುವುದು, ಕಡಿಮೆಯಾದಷ್ಟು ಸುರಿಯುವುದು ಅತ್ತೆಯ ನಿತ್ಯವಿಧಿಯಾಯಿತು. ಅಂಗಳದ ತುಂಬ ಅದರ ವಾಸನೆ, ಮನೆಯ ತುಂಬ ಹಿಟ್ಟಿನ ವಾಸನೆ, ಎರಡೂ ಬಾಗಿಲ ಹತ್ತಿರ ಕೂಡುತ್ತಿದ್ದವು. ನಾನು ಅಲ್ಲಿ ಹೊಸ್ತಿಲ ಮೇಲೆ ಕೂತು ತಿಂಡಿ ತಿನ್ನುತ್ತಿದ್ದೆ.

ಮೇ ತಿಂಗಳ ಒಂದು ಶುಕ್ರವಾರ ಮುಂಬ್ರಾ ದಾಟುವಾಗ ಎಣ್ಣೆಯ ಕೆಂಪು ದೀಪ ಹತ್ತಿಕೊಂಡಿತು. ಅತ್ತೆ ತಕ್ಷಣ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿದಳು. ಇನ್ನೊಂದು ಫರ್ಲಾಂಗು ಓಡಿಸಿದ್ದರೆ ಎಂಜಿನ್ನೇ ಹಿಡಿದುಕೊಂಡು ಜಾಮಾಗುತ್ತಿತ್ತು ಎಂದು ಆಮೇಲೆ ಹೇಳಿದಳು. ಎಣ್ಣೆ ತರಿಸಿ ಹಾಕಿ ಹೊರಡುವಷ್ಟರಲ್ಲಿ ಬಿಸಿಲೇರಿತ್ತು. ಬಿಸಿಲಿಗೆ ಹಿಟ್ಟು ಉಬ್ಬಿ, ಕಟ್ಟಿದ್ದ ಬಟ್ಟೆಗಳನ್ನು ಎತ್ತಿ, ಕ್ಯಾನುಗಳಿಂದ ಹೊರಗೆ ಬಂದು ಹಿಂದಿನ ಹಲಗೆಯಿಂದ ರಸ್ತೆಗೆ ಇಳಿಯಿತಂತೆ. ಆ ದಿನ ಕಲ್ಯಾಣದ ಹೋಟೆಲಿನಲ್ಲಿ ಇಡ್ಲಿ ಇರಲಿಲ್ಲ. ನಮ್ಮ ಹಿಟ್ಟು ಮಳೆಗಾಲದಲ್ಲಿ ರೈಲು ನಿಂತ ದಿನವೂ ತಪ್ಪಿರಲಿಲ್ಲ. ಕಲ್ಯಾಣದವರು ಫೋನಿನಲ್ಲಿ ಅಪ್ಪನಿಗೆ ಏನಂದರೋ ಗೊತ್ತಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ, ತಟ್ಟೆಯಿಂದ ತಲೆಯೆತ್ತದೆ, ಸೋಮವಾರ ಕಳವಾದ ದಲಾಲನೊಬ್ಬ ಗಾಡಿ ನೋಡಲು ಬರುತ್ತಾನೆ, ಅದನ್ನು ಕೊಟ್ಟುಬಿಡೋಣ, ಇನ್ನು ಮುಂದೆ ಟೆಂಪೋದವರಿಗೆ ಸಾಗಾಟ ವಹಿಸೋಣ ಎಂದ. "ನೀನು ಇಲ್ಲೇ ಅತ್ತಿಗೆಗೆ ಸಹಾಯ ಮಾಡ್ಕೊಂಡು ಆರಾಮ ಇರು ವಾರಿಜಾ" ಎಂದೂ ಸೇರಿಸಿದ.

ಅತ್ತೆಯ ಕೈ ಅನ್ನದಲ್ಲೇ ನಿಂತಿತು. ಅಪ್ಪ ಕೆಟ್ಟವನಲ್ಲ, ಇದನ್ನು ನಾನು ಇಲ್ಲೇ ಹೇಳಿಬಿಡಬೇಕು. ತಂಗಿಗೆ ಒಳ್ಳೆಯದಾಗಲಿ ಎಂದೇ ಅವನು ಹಾಗೆಂದದ್ದು. ಆದರೆ ಗ್ರೈಂಡರಿನ ಪಕ್ಕ ಕೂತು ಉದ್ದು ತೊಳೆಯುತ್ತ ಆರಾಮ ಇರುವ ವಾರಿಜತ್ತೆಯನ್ನು ನೆನೆಸಿಕೊಳ್ಳುವುದು ನನ್ನಿಂದಾಗಲಿಲ್ಲ. ಪಿಕಪ್ಪಿನ ಆ ಎತ್ತರದ ಸೀಟಿನಲ್ಲಿ ಕೂತಾಗ ಅವಳು ಗಂಡ ಸತ್ತವಳೂ ಅಲ್ಲ, ಅಣ್ಣನ ಮನೆಯಲ್ಲಿ ಉಳಿದವಳೂ ಅಲ್ಲ.

"ಅಣ್ಣ, ಸೋಮವಾರದವರೆಗೆ ನಂಗೆ ಬಿಡು" ಎಂದಳು ಅತ್ತೆ. "ಅಷ್ಟರೊಳಗೆ ಸೋರುದು ನಿಲ್ಲದಿದ್ರೆ ಯಾರಿಗೆ ಬೇಕಾದ್ರೂ ಕೊಡು, ನಾನು ಎಂತದೂ ಹೇಳುದಿಲ್ಲ."

"ಗ್ಯಾರೇಜಿನವರಿಂದ್ಲೇ ಆಗ್ಲಿಲ್ಲ, ನೀನೊಬ್ಳು ಎಂತ ಮಾಡ್ಲಿಕ್ಕುಂಟು ಮಾರಾಯ್ತಿ?"

ಅಮ್ಮ ಸಾರಿನ ಪಾತ್ರೆ ಕೆಳಗಿಟ್ಟಳು. ಅವಳು ಅಪ್ಪನಿಗೆ ಎದುರಾಡುವುದು ಅಪರೂಪ. ಆಡಿದರೆ ಮಾತ್ರ ಧಾರವಾಡ ಪೂರ್ತಿ ಹೊರಗೆ ಬರುತ್ತಿತ್ತು. "ಎರಡ ದಿನದಾಗ ಏನ್ ಗಂಟ ಹೋಗ್ತದರಿ? ಟೆಂಪೋದವ್ರು ಎರಡ ದಿನಾ ಹಿಟ್ಟು ಒಯ್ಯಲಿ. ಈ ಮನಿಗೆ ಬಂದಾಗಿಂದ ಅಕಿ ಒಂದರೆ ಏನರೆ ಕೇಳ್ಯಾಳೇನು ನಿಮ್ಮನ್ನ?" ಅಪ್ಪ ಮಜ್ಜಿಗೆ ಕುಡಿದು ಎದ್ದು ಹೋದ. ನಮ್ಮ ಮನೆಯಲ್ಲಿ ಅದಕ್ಕೆ ಒಪ್ಪಿಗೆ ಎಂದೇ ಅರ್ಥ.

ಶನಿವಾರ ಬೆಳಿಗ್ಗೆ ಅತ್ತೆ ಬಾನೆಟ್ ಎತ್ತಿ, ಸೀಮೆಎಣ್ಣೆ ಮತ್ತು ಬ್ರಶ್ಶು ಹಿಡಿದು ಎಂಜಿನ್ ತೊಳೆಯಲು ಕೂತಳು. ಎಂಟು ತಿಂಗಳ ಎಣ್ಣೆ, ಅದರ ಮೇಲೆ ಶಿಳಫಾಟಾದ ಧೂಳು, ಕೆರೆದಷ್ಟೂ ಪದರ. ಸೋರುವ ಜಾಗ ಕಾಣದಂತೆ ಅದು ಎಲ್ಲವನ್ನೂ ಮುಚ್ಚಿತ್ತು. ಗ್ಯಾರೇಜಿನವರು ಮಾಡಿದ ತಪ್ಪು ಅದೇ ಎಂದಳು ಅತ್ತೆ. ಎಣ್ಣೆ ಕೆಳಗೆ ಹನಿಯುತ್ತದೆ ಎಂದು ಕೆಳಗಿನದನ್ನೇ ಬಿಚ್ಚಿದ್ದರು. ಮೇಲಿನಿಂದ ಇಳಿದು ಬಂದರೂ ಎಣ್ಣೆ ಹನಿಯುವುದು ಕೆಳಗೇ ಅಲ್ಲವೇ? ಮಧ್ಯಾಹ್ನದ ಹೊತ್ತಿಗೆ ಎಂಜಿನ್ ಬೂದು ಬಣ್ಣದ್ದೆಂದು ನನಗೆ ಮೊದಲ ಸಲ ತಿಳಿಯಿತು. ಆದರೆ ಒಣಗಿಸಿ ಚಾಲೂ ಮಾಡಿದರೆ, ಒದ್ದೆ ಎಲ್ಲಿಂದ ಶುರುವಾಯಿತು ಎಂದು ಕಣ್ಣು ಹಿಡಿಯುವ ಮುಂಚೆಯೇ ಫ್ಯಾನಿನ ಗಾಳಿಗೆ ಎಣ್ಣೆ ತೆಳ್ಳಗೆ ಹರಡಿಬಿಡುತ್ತಿತ್ತು. ಅತ್ತೆ ಎರಡು ಸಲ ತೊಳೆದಳು, ಎರಡು ಸಲವೂ ಹಾಗೇ ಆಯಿತು. ಮೂರನೆಯ ಸಲ ಬ್ರಶ್ಶು ಕೆಳಗೆ ಹಾಕಿ ಬಾದಾಮಿ ಮರದ ಬುಡಕ್ಕೆ ಒರಗಿ ಕಣ್ಣು ಮುಚ್ಚಿದಳು.

ಆಗ ಬಾಗಿಲಲ್ಲಿ ನಿಂತಿದ್ದ ಅಮ್ಮ ಕೇಳಿದಳು: "ಗ್ರೈಂಡರ್ ಡ್ರಮ್ಮು ಸೋರಿದರ ನಾ ಏನ್ ಮಾಡ್ತೇನಿ, ನೆನಪೈತೇನು?" ಡ್ರಮ್ಮಿನ ಹೊರಮೈ ಒರೆಸಿ, ಒಣ ಅಕ್ಕಿ ಹಿಟ್ಟು ಬಳಿದು ಇಡುವುದು ಅಮ್ಮನ ಪದ್ಧತಿ. ಕೂದಲೆಳೆಯಂಥ ಬಿರುಕಿದ್ದರೂ ಅಲ್ಲಿನ ಹಿಟ್ಟು ಮೊದಲು ಒದ್ದೆಯಾಗುತ್ತಿತ್ತು. ಅತ್ತೆ ಎದ್ದು ಕೂತಳು. ಐದು ನಿಮಿಷದಲ್ಲಿ ಅಮ್ಮ ಹಿಟ್ಟಿನ ಡಬ್ಬಿ, ಜರಡಿ ತಂದಳು. ಫ್ಯಾನಿನ ಬೆಲ್ಟು ಬಿಚ್ಚಿಟ್ಟು ಮೂವರೂ ಸೇರಿ ಆ ಎಂಜಿನ್ನಿನ ಮೇಲೆ, ಬದಿಗೆ, ಅಡಿಗೆ ಹಿಟ್ಟು ಜರಡಿ ಹಿಡಿದೆವು. ನೋಡಲು ಹಬ್ಬಕ್ಕೆ ಸುಣ್ಣ ಹೊಡೆದ ಗೋಡೆಯ ಹಾಗಿತ್ತು. ಅತ್ತೆ ಎಂಜಿನ್ ಚಾಲೂ ಮಾಡಿ, ಟಾರ್ಚು ಹಿಡಿದು ಗಾಡಿಯಡಿ ಮಲಗಿದಳು. ನಾನು ಈ ಬದಿಯಿಂದ, ಅಮ್ಮ ಮೇಲಿನಿಂದ ನೋಡುತ್ತ ನಿಂತೆವು.

"ಹಿಂದೆ! ಗೇರ್‌ಬಾಕ್ಸ್ ಕೂಡುವಲ್ಲಿ!" ಎಂದು ಅತ್ತೆ ಕೂಗಿದಳು. ಅದೇ ಹೊತ್ತಿಗೆ ಅಮ್ಮ, ಮೇಲಿನ ಮುಚ್ಚಳದ ಅಂಚೂ ಒದ್ದೆಯಾಗುತ್ತಿದೆ ಎಂದಳು. ನನ್ನ ಕಡೆ ಎಣ್ಣೆ ಕಡ್ಡಿಯ ಬುಡದಲ್ಲೂ ಹಿಟ್ಟು ಕಪ್ಪಾಯಿತು. ನನಗೆ ಖುಷಿಯೋ ಖುಷಿ. ಒಂದು ಹುಡುಕಿದರೆ ಮೂರು ಸಿಕ್ಕವಲ್ಲ! ಅತ್ತೆ ಮಾತ್ರ ಹೊರಗೆ ಬಂದು ಹುಬ್ಬು ಗಂಟಿಕ್ಕಿದಳು. ಹಿಂದಿನ ಸೀಲು ಒಂದೇ ಹೋಗಿದ್ದರೆ ಅಲ್ಲಿ ಮಾತ್ರ ಸೋರಬೇಕು. ಎಲ್ಲ ಕಡೆಯಿಂದ ಒಟ್ಟಿಗೆ ಬರುತ್ತಿದ್ದರೆ, ಒಳಗಿನಿಂದ ಏನೋ ಒತ್ತುತ್ತಿದೆ. ಅವಳು ಎಣ್ಣೆ ಕಡ್ಡಿ ಎಳೆದಳು. ಪುಸ್ ಎಂದು ಹೊಗೆ ಅವಳ ಮುಖಕ್ಕೆ ಬಂತು. "ಇದಕ್ಕೆ ಉಸಿರು ಕಟ್ಟಿದೆ ಅತ್ತಿಗೆ" ಎಂದಳು. ಡೀಸೆಲ್ ಎಂಜಿನ್ನಿನ ಹೊಟ್ಟೆಯೊಳಗಿನ ಹೊಗೆ ಹೊರಹೋಗಲು ಒಂದು ರಬ್ಬರ್ ಪೈಪು ಇರುತ್ತದೆ, ಅದು ಗಾಡಿಯಡಿ ಬಂದು ಸುಮ್ಮನೆ ಬಾಯಿ ತೆರೆದು ನೇತಾಡುತ್ತದೆ. ಆ ಬಾಯಿ ಮುಚ್ಚಿದರೆ ಹೊಗೆ ಎಣ್ಣೆಯನ್ನೇ ನೂಕಿಕೊಂಡು ಸಿಕ್ಕ ಸಂದಿಯಲ್ಲೆಲ್ಲ ಹೊರಗೆ ಬರುತ್ತದೆ. ಅತ್ತೆ ಮತ್ತೆ ಗಾಡಿಯಡಿ ನುಗ್ಗಿ ಪೈಪಿನ ಗುಂಟ ಕೈಯಾಡಿಸಿದಳು. ಅಲ್ಲಿ, ಗೇರ್‌ಬಾಕ್ಸಿನ ಮರೆಯಲ್ಲಿ, ಪೈಪಿನ ತುದಿಗೆ ಕಲ್ಲಿನಷ್ಟು ಗಟ್ಟಿಯಾದ ಕಪ್ಪು ಗಡ್ಡೆಯೊಂದು ಅಂಟಿಕೊಂಡಿತ್ತು.

ಅದನ್ನು ಕಿತ್ತು ಸೀಮೆಎಣ್ಣೆಯಲ್ಲಿ ಅದ್ದಿ ತಿಕ್ಕಿದಂತೆ ಎಳೆಗಳು ಬಿಟ್ಟುಕೊಂಡವು. ಬಟ್ಟೆ. ತೆಳ್ಳಗಿನ ಬಿಳಿ ಬಟ್ಟೆ. ಕಟ್ಟಿದ ದಾರಕ್ಕೆ ಎರಡು ಸುತ್ತು, ತುದಿ ಒಳಮಡಚಿ ಸಿಕ್ಕಿಸಿದ್ದು. ಅಪ್ಪನ ಗಂಟು. ದೀಪಾವಳಿಗೆ ಮುಂಚೆ ಡೊಂಬಿವಲಿಯ ಹೋಟೆಲಿನವರೊಬ್ಬರು, ನಿಮ್ಮ ಹಿಟ್ಟಿನ ಇಡ್ಲಿಗೆ ಗಾಡಿಯ ವಾಸನೆ ಬರುತ್ತಿದೆ ಎಂದಿದ್ದರು. ಉದ್ದಿನ ಹಿಟ್ಟು ಯಾವ ವಾಸನೆಯನ್ನಾದರೂ ಹೀರಿಕೊಳ್ಳುತ್ತದೆ. ಅಪ್ಪ ಎರಡು ದಿನ ನಿದ್ದೆಗೆಟ್ಟಿದ್ದ. ಆಮೇಲೆ ಒಂದು ಮಧ್ಯಾಹ್ನ ಅತ್ತೆ ಮಲಗಿದ್ದಾಗ ಗಾಡಿಯಡಿ ಮೂಗಾಡಿಸಿ ಹೊಗೆ ಬರುವ ಪೈಪು ಪತ್ತೆಮಾಡಿ, ಹಿಟ್ಟಿನ ಕ್ಯಾನಿಗೆ ಕಟ್ಟುವ ಹಾಗೇ ಅದಕ್ಕೂ ಕಟ್ಟಿದ್ದ. ಉಸಿರೂ ಆಡಲಿ, ಕಸವೂ ಬಾರದಿರಲಿ ಎಂದು. ಎಣ್ಣೆಯ ಹಬೆಗೆ ಧೂಳು ಮೆತ್ತಿಕೊಂಡು ಅದು ಸಿಮೆಂಟಾಗುತ್ತದೆ ಎಂದು ಹಿಟ್ಟಿನವನಿಗೆ ಹೇಗೆ ಗೊತ್ತಾಗಬೇಕು? ಇದೆಲ್ಲ ನಾನು ಈಗ ಸಮಾಧಾನದಿಂದ ಬರೆಯುತ್ತಿದ್ದೇನೆ. ಆಗ ನನಗೆ ಮೈಯೆಲ್ಲ ಉರಿಯಿತು. ತಾನೇ ಕಟ್ಟಿ, ತಾನೇ ಮರೆತು, ಈಗ ಅತ್ತೆಯ ಗಾಡಿ ಮಾರಲು ಹೊರಟಿದ್ದಾನಲ್ಲ! ಅಪ್ಪ ಬರಲಿ, ಹೇಳಿಯೇ ಹೇಳುತ್ತೇನೆ ಎಂದು ನಾನು ಅಂಗಳದಲ್ಲೇ ಕುಣಿದೆ.

"ನೀನು ಬಾಯಿ ಮುಚ್ಚು ಮಗಾ" ಎಂದಳು ಅತ್ತೆ. "ಅವನ ತಪ್ಪು ತೋರಿಸಿ ಗಾಡಿ ಉಳಿಸಿಕೊಳ್ಳುದಾ ನಾನು? ಬೇಡ. ಸೋರುದು ನಿಲ್ಲಿಸಿ ಉಳಿಸಿಕೊಳ್ತೇನೆ."

ನಾನು ಅವಳ ಮಾತು ಅರ್ಧ ಕೇಳಿದೆ. ಬಾಯಿ ಮುಚ್ಚಿದೆ, ಆದರೆ ಆ ಬಟ್ಟೆಯನ್ನು ತೊಳೆದು, ಅಪ್ಪನ ತಲೆಗೆ ತಾಗುವ ಹಾಗೆ ತಂತಿಯ ಮೇಲೆ ನಟ್ಟನಡುವೆ ಒಣಗಹಾಕಿದೆ. ಸಂಜೆ ಬಂದ ಅಪ್ಪ ಅದನ್ನು ಬೆರಳ ತುದಿಯಲ್ಲಿ ಸರಿಸಿ, ಇದ್ಯಾಕೆ ಇಷ್ಟು ಕಪ್ಪು ಎಂದು ಕೇಳಿದ. "ಎಂಜಿನ್ ಒರೆಸಿದ್ದು" ಎಂದಳು ಅತ್ತೆ. ಅವನು ತಲೆಯಾಡಿಸಿ ಒಳಗೆ ಹೋದ. ನನ್ನ ಜೀವಮಾನದ ಮೊದಲ ಪಿತೂರಿ ಹೀಗೆ ಮಣ್ಣುಪಾಲಾಯಿತು.

ಪೈಪು ಬಿಚ್ಚಿಕೊಂಡ ಮೇಲೆ ಮೇಲಿನ ಮುಚ್ಚಳ, ಎಣ್ಣೆ ಕಡ್ಡಿಯ ಕಡೆಯ ಸೋರಿಕೆ ತಾನಾಗಿ ನಿಂತಿತು. ಆದರೆ ಹಿಂದಿನ ಸೀಲು ಅಷ್ಟು ತಿಂಗಳ ಒತ್ತಡಕ್ಕೆ ತುಟಿ ಮಗುಚಿ ಹಾಳಾಗಿತ್ತು. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕೂರುವ, ಬಳೆಯಂಥ ಒಂದು ರಬ್ಬರು. ಅದು ಅಂಗೈಯಲ್ಲಿ ಹಿಡಿಯುವ ವಸ್ತು. ಆದರೆ ಅದನ್ನು ಮುಟ್ಟಬೇಕಾದರೆ ಇಡೀ ಗೇರ್‌ಬಾಕ್ಸ್ ಇಳಿಸಬೇಕು. ಭಾನುವಾರ ಬೆಳಿಗ್ಗೆ ಶಹಾಡಿನಿಂದ ಸಾವಂತಕಾಕಾ ಬಂದರು. ಮಾವನ ಗ್ಯಾರೇಜಿನಲ್ಲಿ ಜೊತೆಗೆ ದುಡಿದವರು, ಹೊಸ ಸೀಲು, ಕ್ಲಚ್ ಪ್ಲೇಟು ಮತ್ತು ಒಂದು ಜಾಕು ತಂದಿದ್ದರು. ಬೆನ್ನು ನೋವಿನಿಂದ ಬಗ್ಗಲಾರದ ಅವರು ಬಾದಾಮಿ ಮರದಡಿ ಕುರ್ಚಿ ಹಾಕಿಸಿಕೊಂಡು ಕೂತು "ಕರಾ ವಹಿನೀ, ಮೀ ಬಘತೋ" ಎಂದರು. ನೀವು ಮಾಡಿ ಅತ್ತಿಗೆ, ನಾನು ನೋಡುತ್ತೇನೆ ಎಂದರ್ಥ. ನೋಡಿದ್ದು ಬಿಟ್ಟು, ಮೂರು ಲೋಟ ಚಹಾ ಕುಡಿದದ್ದು ಬಿಟ್ಟು ಅವರು ನಿಜಕ್ಕೂ ಇನ್ನೇನೂ ಮಾಡಲಿಲ್ಲ, ಮಾಡಬೇಕಾಗಲೂ ಇಲ್ಲ.

ಆ ಭಾನುವಾರವನ್ನು ನಾನು ಸಾಯುವವರೆಗೂ ಮರೆಯಲಾರೆ. ಗಾಡಿಯನ್ನು ಎತ್ತರಿಸಿ, ಚಕ್ರಗಳಿಗೆ ರುಬ್ಬುಗುಂಡುಗಳನ್ನು ಒತ್ತು ಕೊಟ್ಟೆವು. ಅತ್ತೆ ಅಡಿಯಲ್ಲಿ ಮಲಗಿ ಒಂದೊಂದೇ ಬೋಲ್ಟು ಬಿಚ್ಚಿ ಕೊಟ್ಟಂತೆ, ನಾನು ಅವನ್ನು ಇಡ್ಲಿ ತಟ್ಟೆಯ ಗುಳಿಗಳಲ್ಲಿ ಕ್ರಮವಾಗಿ ಇಡುತ್ತ ಹೋದೆ, ಮೇಲಿನದು ಮೇಲಿನ ಗುಳಿಗೆ, ಕೆಳಗಿನದು ಕೆಳಗಿನ ಗುಳಿಗೆ. ಜಾಕಿನ ಮೇಲೆ ಗೇರ್‌ಬಾಕ್ಸ್ ಇಳಿಯುವಾಗ ಅದು ಒಂದು ಬದಿಗೆ ವಾಲಿತು. ಅತ್ತೆ ಅದರಡಿಯಲ್ಲೇ ಇದ್ದಳು. ಹಿಟ್ಟಿನ ಕ್ಯಾನುಗಳನ್ನು ವರ್ಷಗಟ್ಟಲೆ ಎತ್ತಿದ್ದ ಅಮ್ಮ, ಸೆರಗು ಸೊಂಟಕ್ಕೆ ಸಿಕ್ಕಿಸಿ ಅದನ್ನು ಹಿಡಿದು ನಿಲ್ಲಿಸಿದಳು. "ಬಿಡಬ್ಯಾಡ ವಾರಿಜಾ, ನಾ ಹಿಡದೇನಿ" ಎಂದಳು ಅಮ್ಮ, ಮುಖವೆಲ್ಲ ಕೆಂಪಾಗಿ. ಹಳೆ ಸೀಲು ಹೊರಬಂತು. ತುಟಿ ಒಂದು ಕಡೆ ಪೂರ್ತಿ ಹೊರಳಿತ್ತು. ಹೊಸದರ ಅಂಚಿಗೆ ಅತ್ತೆ ಬೆರಳಿನಿಂದ ಎಣ್ಣೆ ಸವರಿದಳು. ಒಣಗಿದ್ದನ್ನು ಕೂರಿಸಿದರೆ ಮೊದಲ ಸುತ್ತಿಗೇ ಸುಡುತ್ತದಂತೆ. ಹಳೆಯದನ್ನೇ ಅದರ ಮೇಲಿಟ್ಟು, ಸುತ್ತಲೂ ಒಂದೇ ಸಮನಾಗಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಕೂರಿಸಿದಳು. ಒಂದು ಕೂದಲೆಳೆ ಓರೆಯಾದರೂ ಎಲ್ಲ ದುಡಿಮೆ ನೀರುಪಾಲು. ಅವಳು ಉಸಿರು ಬಿಗಿಹಿಡಿದು ತಟ್ಟುತ್ತಿದ್ದಾಗ ಅಂಗಳದಲ್ಲಿ ಆ ಟಕ್ ಟಕ್ ಬಿಟ್ಟು ಬೇರೆ ಸದ್ದಿರಲಿಲ್ಲ. ಕಬ್ಬಿಣದ ಪೆಟ್ಟಿಗೆಯ ತಳದಿಂದ ಮಾವ ಕೈಯಾರೆ ಕೆತ್ತಿದ ಮರದ ಗೂಟವೊಂದನ್ನು ತೆಗೆದು, ಕ್ಲಚ್ ಪ್ಲೇಟು ನಡುವಿಗೆ ಸರಿಯಾಗಿ ಕೂತಿದೆಯೇ ನೋಡಿದಳು. ಅದನ್ನು ಮತ್ತೆ ಒಳಗಿಡುವ ಮುನ್ನ ಒಮ್ಮೆ ಒರೆಸಿ ಕಣ್ಣಿಗೆ ಒತ್ತಿಕೊಂಡಳು. ಸಾವಂತಕಾಕಾ ಬೇರೆಡೆ ನೋಡಿದರು. ಸಂಜೆ ಗೇರ್‌ಬಾಕ್ಸ್ ಮೇಲೇರಿ ಕೊನೆಯ ಬೋಲ್ಟು ಬಿಗಿದಾಗ ಇಡ್ಲಿ ತಟ್ಟೆಯಲ್ಲಿ ಒಂದೂ ಉಳಿದಿರಲಿಲ್ಲ. ಹೊಗೆಯ ಪೈಪಿಗೆ ಇನ್ನೊಂದು ಉದ್ದನೆಯ ಪೈಪು ಜೋಡಿಸಿ, ಬಾಯನ್ನು ಗಾಡಿಯ ಹಿಂದಿನ ತುದಿಗೆ, ಹಿಟ್ಟಿನಿಂದ ದೂರ ಒಯ್ದು ಬಿಟ್ಟಳು. ಅಣ್ಣ ಹೇಳಿದ ವಾಸನೆಯೂ ಸುಳ್ಳಲ್ಲವಲ್ಲ ಎಂದಳು.

ಸೋಮವಾರ ಬೆಳಗಿನ ಜಾವ ಅತ್ತೆಯೇ ಹಿಟ್ಟು ಒಯ್ದಳು. ಕಲ್ಯಾಣ ಮುಟ್ಟಿ, ವಾಪಸು ಬಂದು, ಎಂಜಿನ್ನಿಗೆ ಮತ್ತೆ ಹಿಟ್ಟು ಜರಡಿ ಹಿಡಿದು, ಗಾಡಿಯಡಿ ಅಪ್ಪನ ಬಿಳಿ ಪಂಚೆ ಹಾಸಿ, ಎಂಜಿನ್ ಚಾಲೂ ಇಟ್ಟು ಪಕ್ಕದಲ್ಲಿ ಕೈಕಟ್ಟಿ ನಿಂತಳು. ಹತ್ತು ಗಂಟೆಗೆ ದಲಾಲ ಬಂದ. ಸುತ್ತು ಹಾಕಿ, ಟಯರಿಗೆ ಒದ್ದು, "ತೇಲ್ ಪೀತೀ ಹೈ ಸುನಾ", ಎಣ್ಣೆ ಕುಡಿಯುತ್ತದಂತೆ, ಎಂದ. ಅಪ್ಪ ಪಂಚೆ ನೋಡಿದ. ಒಂದು ಹನಿ ಇಲ್ಲ. ನಂಬಿಕೆ ಬರಲಿಲ್ಲವೋ ಏನೋ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲೇ ಮೊಣಕಾಲೂರಿ, ಆ ದೊಡ್ಡ ದೇಹವನ್ನು ಗಾಡಿಯಡಿ ತೂರಿಸಿದ. ಅವನ ಎರಡು ಕಾಲುಗಳು ಮಾತ್ರ ಹೊರಗಿದ್ದವು. ಸ್ವಲ್ಪ ಹೊತ್ತಿನ ಮೇಲೆ ಅಡಿಯಿಂದ ಧ್ವನಿ ಬಂತು.

"ವಾರಿಜಾ, ಈ ಪೈಪಿಗೆ ನಾನೊಂದು ಬಟ್ಟೆ ಕಟ್ಟಿದ್ದೆ. ಎಲ್ಲಿ ಹೋಯ್ತು?"

ಅತ್ತೆ ನನ್ನ ಮುಖ ನೋಡಿದಳು. ನಾನು ತುಟಿ ಕಚ್ಚಿಕೊಂಡೆ. "ನಾನು ತೆಗ್ದೆ ಅಣ್ಣ. ಎಂಜಿನಿಗೂ ಉಸಿರು ಬೇಕಲ್ಲ" ಎಂದಳು, ಮಗುವಿಗೆ ಹೇಳುವಷ್ಟು ಮೆತ್ತಗೆ.

ಕಾಲುಗಳು ಅಲುಗಾಡಲಿಲ್ಲ. ಎಂಜಿನ್ ತನ್ನಷ್ಟಕ್ಕೆ ಓಡುತ್ತಿತ್ತು. ಅಪ್ಪ ಹೊರಗೆ ಬಂದಾಗ ತಲೆಕೂದಲು, ಹುಬ್ಬು, ಮೀಸೆಯೆಲ್ಲ ಅಕ್ಕಿ ಹಿಟ್ಟು. ಒಂದೇ ಸಲಕ್ಕೆ ಮುದುಕನಾದಂತೆ ಕಂಡ. ಅದನ್ನು ಒರೆಸಿಕೊಳ್ಳಲಿಲ್ಲ. ದಲಾಲನ ಕಡೆ ತಿರುಗಿ, ಗಂಡು ಹೆಣ್ಣೆಂಬ ಭೇದವಿಲ್ಲದ ತನ್ನ ಹಿಂದಿಯಲ್ಲಿ, "ಗಾಡಿ ಮೇರಾ ಬೆಹನ್ ಕಾ ಹೈ. ಉಸ್ಕೋ ಪೂಛೋ" ಎಂದ. ಗಾಡಿ ತಂಗಿಯದು, ಅವಳನ್ನೇ ಕೇಳು. ದಲಾಲ ಅತ್ತೆಯ ಕಡೆ ನೋಡಿದ. ಅತ್ತೆ, "ನಹೀಂ ಬೇಚ್ನಾ", ಮಾರುವುದಿಲ್ಲ, ಎಂದು ಬಾನೆಟ್ ಮುಚ್ಚಿದಳು. ಆಮೇಲೆ ಅಪ್ಪ ತಂಗಿಗೆ ಕನ್ನಡದಲ್ಲಿ ಹೇಳಿದ: "ನಂಗೆ ಗೊತ್ತಾಗ್ಲಿಲ್ಲ ವಾರಿಜಾ. ಹಿಟ್ಟಿಗೆ ಕಟ್ಟಿದ ಹಾಗೇ ಕಟ್ಟಿದೆ." ಅಮ್ಮ ಒಳಗೆ ಹೋಗಿ ಎಲ್ಲರಿಗೂ ಕಾಫಿ ಇಟ್ಟಳು. ನನಗೆ ಆ ಕ್ಷಣ ಇಬ್ಬರ ಮೇಲೂ ಎಷ್ಟು ಹೆಮ್ಮೆಯಾಯಿತೆಂದರೆ, ಓಣಿಯ ಆ ತುದಿಯವರೆಗೂ ಓಡಿಹೋಗಿ ಸಿಕ್ಕಿದವರಿಗೆಲ್ಲ ಸುದ್ದಿ ಹೇಳಿ ಬಂದೆ.

ಅದಾದ ಮೇಲೆ ಹದಿನೈದು ವರ್ಷ ಅತ್ತೆ ಆ ದಾರಿಯಲ್ಲಿ ಹಿಟ್ಟು ಸಾಗಿಸಿದಳು. ಆಮೇಲಾಮೇಲೆ ಹೋಟೆಲುಗಳೇ ಕಡಿಮೆಯಾದವು, ಉಳಿದವರು ಪ್ಯಾಕೆಟ್ ಹಿಟ್ಟು ತರಿಸಿಕೊಂಡರು. ಚಾಳು ಬಿಲ್ಡರಿನ ಪಾಲಾಯಿತು. ಗ್ರೈಂಡರುಗಳನ್ನು ಎತ್ತಿದ ದಿನ, 'ಅವು ನಿಂತಿದ್ದ ಕಡೆ ನೆಲದಲ್ಲಿ ನಾಲ್ಕು ಬಿಳಿ ವೃತ್ತಗಳು ಉಳಿದಿವೆ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ' ಎಂದು ಅಮ್ಮ ಫೋನಿನಲ್ಲಿ ಅತ್ತಳು. ನಾಳೆ ಕೆಡವುವ ನೆಲವನ್ನು ಇವತ್ತು ತಿಕ್ಕುತ್ತಿದ್ದಳು ಅವಳು. ಈಗ ಅಲ್ಲಿ ಗೋಪುರದಂಥ ಕಟ್ಟಡವಿದೆ, ಕಾರುಗಳು ಒಂದರ ಮೇಲೊಂದು ಅಟ್ಟದಲ್ಲಿ ನಿಲ್ಲುತ್ತವೆ. ಯಾವುದರ ಅಡಿಯಲ್ಲೂ ಒಂದು ಹನಿ ಎಣ್ಣೆಯಿಲ್ಲ. ನಮ್ಮ ಬಾದಾಮಿ ಮರ ಎಲ್ಲಿತ್ತು ಎಂದು ನಾನು ಹೋದಾಗಲೆಲ್ಲ ಹೆಜ್ಜೆ ಎಣಿಸಿ ಹುಡುಕುತ್ತೇನೆ, ಪ್ರತಿ ಸಲವೂ ಬೇರೆ ಜಾಗ ಬರುತ್ತದೆ. ನಿಮಗೂ ನಿಮ್ಮ ಹಳೆಯ ಮನೆಯ ಜಾಗದಲ್ಲಿ ಹೀಗೆ ಲೆಕ್ಕ ತಪ್ಪಿರಬಹುದು.

ವಾರಿಜತ್ತೆ ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ತೀರಿಕೊಂಡಳು. ಕೊನೆಯ ದಿನಗಳಲ್ಲಿ ಆಸ್ಪತ್ರೆಯ ಕಿಟಕಿಯಿಂದ ರಸ್ತೆಯ ಗಾಡಿಗಳ ಸದ್ದು ಕೇಳಿ ಯಾವುದಕ್ಕೆ ಏನು ಕಾಯಿಲೆ ಎಂದು ನನಗೆ ಹೇಳುತ್ತಿದ್ದಳು. ಸಂಸ್ಕಾರದ ಮುನ್ನ ಸ್ಮಶಾನದ ಕಚೇರಿಯಲ್ಲಿ ಫಾರ್ಮು ತುಂಬಬೇಕಿತ್ತು. ಎಂಬತ್ತು ದಾಟಿದ ಅಪ್ಪ, ಬರಬೇಡ ಎಂದರೂ ಕೇಳದೆ, ನನ್ನ ತೋಳು ಹಿಡಿದು ಕೌಂಟರಿನವರೆಗೆ ಬಂದಿದ್ದ. ಗುಮಾಸ್ತ ಹೆಸರು ಕೇಳಿದ, ವಯಸ್ಸು ಕೇಳಿದ, ಉದ್ಯೋಗದ ಜಾಗಕ್ಕೆ ಬಂದಾಗ ಕೇಳಲೂ ಇಲ್ಲ. 'ಗೃಹಿಣಿ' ಎಂದು ತಾನೇ ಗೊಣಗಿ ಬರೆಯಲು ಹೊರಟ. ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ತನ್ನ ಬೆರಳನ್ನು ಕಾಗದದ ಮೇಲಿಟ್ಟ.

"ನಾಹೀ" ಎಂದ. "ಡ್ರೈವರ್. ಆಣಿ ಮಿಸ್ತ್ರಿ." ಡ್ರೈವರ್, ಮತ್ತೆ ಮೆಕ್ಯಾನಿಕ್.

ಗುಮಾಸ್ತ ಒಮ್ಮೆ ಅಪ್ಪನನ್ನು, ಒಮ್ಮೆ ನನ್ನನ್ನು ನೋಡಿ, ಜಾಗ ಚಿಕ್ಕದು, ಒಂದನ್ನೇ ಬರೆಯಬೇಕು ಎಂದ.

"ದೋನ್ಹೀ ಲಿಹಾ" ಎಂದ ಅಪ್ಪ. ಎರಡನ್ನೂ ಬರೆಯಿರಿ.

ಗುಮಾಸ್ತ ಅಕ್ಷರಗಳನ್ನು ಒತ್ತೊತ್ತಾಗಿ ಬರೆದು ಎರಡನ್ನೂ ಆ ಸಣ್ಣ ಚೌಕದಲ್ಲಿ ಕೂರಿಸಿದ. ಅಪ್ಪ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಹಿಂದೆ ಸಾಲು ಬೆಳೆಯುತ್ತಿದ್ದರೂ ಅವಸರವಿಲ್ಲದೆ, ಆ ಎರಡು ಪದಗಳನ್ನು ಒಂದೊಂದೇ ಅಕ್ಷರವಾಗಿ ಓದಿದ. ಆಮೇಲೆ ಸಹಿ ಹಾಕಿದ.